ತೊಗರಿ ಕುಡಿ ಚಿವುಟುವುದು: ಯಾವಾಗ, ಎಷ್ಟು, ಹೇಗೆ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿರುವ ನಮ್ಮ ಹೊಲದ ಬದುವಿಗೆ ಹತ್ತಿಕೊಂಡೇ ಒಂದು ಕಾಲುದಾರಿ ಇದೆ. ಊರಿನ ಆಡುಗಳು ಹೋಗುವುದೂ ಅಲ್ಲಿಂದಲೇ, ಬರುವುದೂ ಅಲ್ಲಿಂದಲೇ. ದಾರಿ ಪಕ್ಕದ ಎರಡು ಸಾಲು ತೊಗರಿಗೆ ಪ್ರತಿ ವರ್ಷ ಬಾಯಿ ಹಾಕುತ್ತವೆ. ಇದಕ್ಕಾಗಿ ಆಡು ಕಾಯುವ ಹುಡುಗನ ಜೊತೆ ಎಷ್ಟು ಸಲ ಜಗಳ ಆಡಿದ್ದೇನೋ ಲೆಕ್ಕವಿಲ್ಲ. ಒಂದು ವರ್ಷ ತೊಗರಿ ಕೊಯ್ಯುವಾಗ ನೋಡಿದರೆ ಆ ಎರಡು ಸಾಲಿನ ಗಿಡಗಳು ಕುಳ್ಳಗೆ, ಕೊಡೆ ಬಿಚ್ಚಿದ ಹಾಗೆ ಅಗಲವಾಗಿ ನಿಂತಿದ್ದವು. ನಡು ಹೊಲದ ಗಿಡಗಳು ನನ್ನ ತಲೆಗಿಂತ ಎತ್ತರ. ಆದರೆ ಅವುಗಳ ಕಾಯಿ ತುದಿಯಲ್ಲಿ ಮಾತ್ರ, ಕೆಳಗೆಲ್ಲ ಬರೀ ಕಟ್ಟಿಗೆ. ಆಡು ಮೇಯ್ದ ಸಾಲಿನಲ್ಲೇ ಕಾಯಿ ಜಾಸ್ತಿ!

ಕುಡಿ ಚಿವುಟುವುದು ಅಂದರೆ ಆ ಆಡುಗಳ ಕೆಲಸವನ್ನು ನಾವೇ ಮಾಡುವುದು. ಆದರೆ ಹೊತ್ತು ನೋಡಿ, ಅಳತೆ ಇಟ್ಟುಕೊಂಡು. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು, ಕೃಷಿ ವಿಜ್ಞಾನ ಕೇಂದ್ರದವರು ನಮ್ಮ ಭಾಗದಲ್ಲಿ ಇದನ್ನು ಹಲವು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಈಗ ಬ್ಯಾಟರಿ ಯಂತ್ರವೂ ಬಂದಿದೆ. ಆದರೂ 'ಬೆಳೆದ ಪೀಕಿನ ತಲೆ ಕತ್ತರಿಸುವುದೇ?' ಅಂತ ಹಿಂದೆ ಸರಿಯುವವರು ಬಹಳ ಮಂದಿ. ನಾನೂ ಹಾಗೇ ಇದ್ದೆ.

ಕುಡಿ ಮುರಿದರೆ ಗಿಡದಲ್ಲಿ ಏನಾಗುತ್ತದೆ

ಒಂದು ತಿಂಗಳ ತೊಗರಿ ಗಿಡ ಹತ್ತಿರದಿಂದ ನೋಡಿ. ಒಂದೊಂದು ಎಲೆ ಕಾಂಡಕ್ಕೆ ಸೇರುವ ಜಾಗದಲ್ಲಿ, ಅಂದರೆ ಎಲೆಯ ಕಂಕುಳಲ್ಲಿ, ಸಾಸಿವೆ ಕಾಳಿನಷ್ಟು ಒಂದು ಮೊಗ್ಗು ಕೂತಿರುತ್ತದೆ. ಇದು ಹೂವಿನ ಮೊಗ್ಗಲ್ಲ, ಟೊಂಗೆಯ ಮೊಗ್ಗು. ಅದು ಮಲಗಿಯೇ ಇರುತ್ತದೆ. ಯಾಕೆಂದರೆ ಗಿಡದ ತುದಿಯಲ್ಲಿರುವ ಕುಡಿ ಆಕ್ಸಿನ್ ಎನ್ನುವ ಹಾರ್ಮೋನು ತಯಾರಿಸಿ ಕೆಳಗೆ ಕಳಿಸುತ್ತಿರುತ್ತದೆ. ಅದು ಇರುವ ತನಕ ಕೆಳಗಿನ ಮೊಗ್ಗುಗಳು ತಲೆ ಎತ್ತುವುದಿಲ್ಲ, ಎತ್ತಿದರೂ ನಿಧಾನ. ಮನೆಯಲ್ಲಿ ಹಿರಿಯ ಕೂತಿದ್ದರೆ ಕಿರಿಯರು ಮಾತಾಡದ ಹಾಗೆ.

ಕುಡಿ ಮುರಿದರೆ ಆ ತಡೆ ಹೋಯಿತು. ಒಂದು ವಾರ, ಹತ್ತು ದಿನದಲ್ಲಿ ಕಂಕುಳ ಮೊಗ್ಗುಗಳು ಚಿಗುರುತ್ತವೆ. ತೊಗರಿ ಹೂ ಬಿಡುವುದು ಟೊಂಗೆಗಳ ತುದಿ ಭಾಗದಲ್ಲಿ, ಗೊಂಚಲು ಗೊಂಚಲಾಗಿ. ಟೊಂಗೆ ಹೆಚ್ಚಾದರೆ ತುದಿ ಹೆಚ್ಚು, ತುದಿ ಹೆಚ್ಚಾದರೆ ಗೊಂಚಲು ಹೆಚ್ಚು. ಲೆಕ್ಕ ಇಷ್ಟೇ.

ಇನ್ನೊಂದು ಲಾಭವೂ ಇದೆ. ಅದನ್ನು ಯಾರೂ ಮೊದಲು ಹೇಳುವುದಿಲ್ಲ. ಗಿಡ ಎದೆ ಮಟ್ಟಕ್ಕೆ ನಿಂತರೆ ಹೂವಿನ ಹೊತ್ತಿನಲ್ಲಿ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದು ಸುಲಭ. ತಲೆ ಮೇಲೆ ಕೈ ಎತ್ತಿ ಹೊಡೆದರೆ ಅರ್ಧ ಔಷಧ ಹೊಡೆಯುವವನ ಮೈಮೇಲೇ ಬೀಳುತ್ತದೆ. ಕಾಯಿಕೊರಕ ಹುಳ ಬಂದ ವರ್ಷ ಈ ಎತ್ತರ ಎಂಥ ತ್ರಾಸು ಅಂತ ತೊಗರಿ ಮಾಡಿದವರಿಗೆ ಬೇರೆ ಹೇಳಬೇಕಿಲ್ಲ, ಅಲ್ವಾ?

ಮೊದಲು ಸಾಲಿನ ಅಂತರ ನೋಡಿ

ಚಿವುಟುವ ಮಾತು ಬಿತ್ತನೆಯ ದಿನವೇ ಶುರುವಾಗುತ್ತದೆ. ಸಾಲಿನಿಂದ ಸಾಲಿಗೆ ಎರಡಡಿ ಇಟ್ಟು ಒತ್ತಾಗಿ ಬಿತ್ತಿದ್ದರೆ ಕುಡಿ ಚಿವುಟಿ ಏನೂ ಉಪಯೋಗವಿಲ್ಲ. ಹೊಸ ಟೊಂಗೆ ಹೋಗುವುದೆಲ್ಲಿಗೆ? ಪಕ್ಕದ ಗಿಡಕ್ಕೆ ತಾಗಿ, ಬೆಳಕು ಸಿಗದೆ, ಒಳಗಿನ ಎಲೆ ಹಳದಿಯಾಗಿ ಉದುರುತ್ತದೆ.

ಕನಿಷ್ಠ ಮೂರಡಿ ಸಾಲು, ಗಿಡದಿಂದ ಗಿಡಕ್ಕೆ ಒಂದಡಿ ಬೇಕು. ಒಳ್ಳೆಯ ಎರೆ ಹೊಲವಾದರೆ ನಾಲ್ಕಡಿ, ಐದಡಿ ಸಾಲು ಇಟ್ಟರೂ ನಷ್ಟವಿಲ್ಲ. ಅದೇ ಜಾಗದಲ್ಲಿ ಹೆಸರೋ ಉದ್ದೋ ಹಾಕಿಕೊಳ್ಳಬಹುದು. ಕೂರಿಗೆಯಲ್ಲಿ ಬಿತ್ತಿ ಗಿಡ ದಟ್ಟವಾಗಿದ್ದರೆ 20 ದಿನದೊಳಗೆ ಹೆಚ್ಚಿನ ಸಸಿ ಕಿತ್ತು ತೆಗೆಯಿರಿ. ಸಸಿ ಕೀಳುವಾಗ ಹೊಟ್ಟೆ ಉರಿಯುತ್ತದೆ ನಿಜ. ನಮ್ಮ ತಾಯಿ ಇವತ್ತಿಗೂ ಆ ದಿನ ಹೊಲಕ್ಕೆ ಬರುವುದಿಲ್ಲ.

ಬೀದರ್ ಕಡೆ ಬಹಳ ರೈತರು ತೊಗರಿ ನಾಟಿ ಮಾಡುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಸಸಿ ಬೆಳೆಸಿ, ಮಳೆ ಬಿದ್ದ ಮೇಲೆ ಐದಡಿ ಸಾಲಿನಲ್ಲಿ ಹಚ್ಚುತ್ತಾರೆ. ಚಿವುಟುವುದಕ್ಕೆ ಹೇಳಿ ಮಾಡಿಸಿದ ಪದ್ಧತಿ ಅದು. ಅಂಥ ಹೊಲದಲ್ಲಿ ದಿನದ ಲೆಕ್ಕ ಸ್ವಲ್ಪ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಯಾವಾಗ: ಕ್ಯಾಲೆಂಡರ್ ಅರ್ಧ, ಗಿಡ ಅರ್ಧ

ಬಿತ್ತಿ 45ರಿಂದ 50 ದಿನ. ಎಲ್ಲರೂ ಹೇಳುವ ಲೆಕ್ಕ ಇದು, ಸರಿಯಾದದ್ದೂ ಹೌದು. ಜುಲೈ 1ಕ್ಕೆ ಬಿತ್ತಿದ್ದರೆ 45ನೇ ದಿನ ಸರಿಯಾಗಿ ಆಗಸ್ಟ್ 15. ಶಾಲೆಯಲ್ಲಿ ಧ್ವಜ ಹಾರಿಸಿ, ಮಕ್ಕಳ ಕೈಯ ಚಾಕಲೇಟು ತಿಂದು ಹೊಲಕ್ಕೆ ಹೋಗಿ. ನಾನು ಹೀಗೇ ನೆನಪಿಟ್ಟುಕೊಂಡಿದ್ದೇನೆ.

ಆದರೆ ಬರೀ ದಿನ ಎಣಿಸಿಕೊಂಡು ಕೂರಬೇಡಿ. ಹೊಲಕ್ಕೆ ಹೋಗಿ ಮೂರು ವಿಷಯ ನೋಡಿ.

ಎತ್ತರ ಮೊಣಕಾಲು ದಾಟಿ ತೊಡೆಯ ಹತ್ತಿರ ಬಂದಿರಬೇಕು. ಮಳೆ ಕೈಕೊಟ್ಟು 45 ದಿನವಾದರೂ ಗಿಡ ಗೇಣುದ್ದವೇ ಇದ್ದರೆ ಕಾಯಿರಿ. ಅದಕ್ಕೆ ಎಲೆಯೇ ಸಾಲದು, ಟೊಂಗೆ ಎಲ್ಲಿಂದ ತಂದೀತು?

ಎರಡನೆಯದು ನೆಲದ ಹಸಿ. ಮಣ್ಣು ಮೂರು ನಾಲ್ಕು ಇಂಚು ಕೆದಕಿ ಮುಷ್ಟಿಯಲ್ಲಿ ಹಿಡಿದು ಒತ್ತಿ. ಉಂಡೆ ಆಗಬೇಕು. ಪುಡಿಯಾಗಿ ಉದುರಿದರೆ ಆ ವಾರ ಬೇಡ. ನಡು ಮಧ್ಯಾಹ್ನ ಎಲೆ ಜೋತು ಬಿದ್ದ ಹೊಲದಲ್ಲಂತೂ ಕೈ ಹಚ್ಚಲೇಬೇಡಿ. ಒಂದು ಮಳೆ ಬಿದ್ದು, ನೆಲ ಕಾಲಿಗೆ ಅಂಟದಷ್ಟು ಆರಿದ ಮೇಲೆ ಚಿವುಟಿದರೆ ಚಿಗುರು ಬರುವ ವೇಗವೇ ಬೇರೆ.

ಮೂರನೆಯದು, ತುದಿಯಲ್ಲಿ ಹೂಮೊಗ್ಗು ಇರಬಾರದು. ಇದು ಎಲ್ಲಕ್ಕಿಂತ ಮುಖ್ಯ.

ಮೊದಲ ವರ್ಷ ನಾನು ಕೆಟ್ಟದ್ದು ಇಲ್ಲೇ. ಆಗಸ್ಟ್ ಕೊನೆಗೆ ಚಿವುಟಬೇಕಿತ್ತು. ಆಳು ಸಿಗಲಿಲ್ಲ. ಯಾಕೆ ಸಿಗಲಿಲ್ಲ ಅಂದರೆ ಅದೇ ಹೊತ್ತಿಗೆ ಊರಲ್ಲೆಲ್ಲ ಹೆಸರು ಬಿಡಿಸುವ ಕೆಲಸ. ಮಳೆ ಬಂದು ಹೆಸರು ಹೊಲದಲ್ಲೇ ಮೊಳಕೆ ಒಡೆದರೆ ಎಲ್ಲಾ ಹೋಯಿತು ಅಂತ ಜನ ಅದಕ್ಕೇ ಓಡುತ್ತಾರೆ. ತೊಗರಿ ಕುಡಿಗೆ ಯಾರು ಬರುತ್ತಾರೆ? ಇವತ್ತು ನಾಳೆ ಅನ್ನುತ್ತಾ ಮಹಾನವಮಿ ಹತ್ತಿರ ಬಂತು. ಆಳು ಸಿಕ್ಕಿದ ಖುಷಿಯಲ್ಲಿ ಎರಡು ಎಕರೆ ಚಿವುಟಿಸಲು ಶುರು ಮಾಡಿದೆ. ಸಾಲಿನ ಕೊನೆಗೆ ಕೂತು ಮುರಿದ ಒಂದು ಕುಡಿ ಬಿಡಿಸಿ ನೋಡಿದರೆ ಒಳಗೆ ಹಸಿರು ಹಳದಿ ಮೊಗ್ಗುಗಳು ಒತ್ತಾಗಿ ಕೂತಿವೆ. ನಮ್ಮಲ್ಲಿ ಕೆಲಸಕ್ಕೆ ಬರುವ ದೊಡ್ಡವ್ವ ಒಬ್ಬರಿದ್ದಾರೆ. ಅವರು ಅದನ್ನು ನೋಡಿ, "ತಮ್ಮಾ, ಹೂವಾ ಚಿವುಟ್ಲಿಕತ್ತೀವಲ್ಲೋ" ಅಂದರು. ಆಗಲೇ ಒಂದೂವರೆ ಎಕರೆ ಮುಗಿದಿತ್ತು.

ಮುಂದೆ ಆದದ್ದು ಹೀಗೆ. ಗಿಡ ಚಿಗುರಿತು, ಟೊಂಗೆಯೂ ಬಂತು. ಆದರೆ ಹೂ ಬರುವ ಹೊತ್ತಿಗೆ ಎರೆಯಲ್ಲಿ ಹಸಿ ಇಂಗಿತ್ತು. ಅರ್ಧ ಹೂ ಉದುರಿತು. ಉಳಿದ ಕಾಯಿಯಲ್ಲಿ ಕಾಳು ಸೊಟ್ಟ. ಪಕ್ಕದವರ ತೊಗರಿ ರಾಶಿ ಆಗುವಾಗ ನನ್ನದು ಇನ್ನೂ ಹಸಿರಾಗಿತ್ತು, ಹುಳಕ್ಕೆಲ್ಲ ಅದೊಂದೇ ಹೊಲ ಸಿಕ್ಕ ಹಾಗಾಯಿತು.

ಅಲ್ಲಿಂದ ನಾನು ಒಂದು ಗೆರೆ ಎಳೆದುಕೊಂಡಿದ್ದೇನೆ. 70 ದಿನ ದಾಟಿದರೆ ಆ ವರ್ಷ ಚಿವುಟುವುದಿಲ್ಲ. ಚಿವುಟದೆ ಬಿಟ್ಟ ತೊಗರಿ ತನ್ನ ಪಾಡಿಗೆ ಬೆಳೆ ಕೊಡುತ್ತದೆ. ತಡವಾಗಿ ಚಿವುಟಿದ್ದು ಕೊಡುವುದಿಲ್ಲ.

ತಡವಾಗಿ ಬಿತ್ತಿದವರಿಗೂ ಒಂದು ಮಾತು. ತೊಗರಿ ಹಗಲು ಕಿರಿದಾಗುವುದನ್ನು ನೋಡಿ ಹೂ ಬಿಡುವ ಗಿಡ. ಆಗಸ್ಟ್‌ನಲ್ಲಿ ಬಿತ್ತಿದರೆ ಅದು ಎತ್ತರಕ್ಕೆ ಹೋಗುವುದಿಲ್ಲ, ಕುಳ್ಳಗಿರುವಾಗಲೇ ಹೂವಿಗೆ ಬರುತ್ತದೆ. ಅಂಥ ಹೊಲದಲ್ಲಿ ಚಿವುಟುವ ಗೋಜಿಗೇ ಹೋಗಬೇಡಿ. ಅದರ ಬದಲು ಬಿತ್ತುವಾಗಲೇ ಸಾಲು ಸ್ವಲ್ಪ ಹತ್ತಿರ ಮಾಡಿ.

ಕೈಯಲ್ಲಿ ಚಿವುಟುವ ಕ್ರಮ

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಎಲೆ ಒದ್ದೆ ಇದ್ದಾಗ ಗಾಯದ ಜಾಗದಿಂದ ರೋಗ ಒಳಗೆ ಹೋಗುವುದು ಸುಲಭ, ಜೊತೆಗೆ ಸೀರೆ, ಪ್ಯಾಂಟು ಎಲ್ಲಾ ತೊಯ್ದು ಕೆಲಸವೂ ಸಾಗುವುದಿಲ್ಲ. ಮಳೆ ಮೋಡ ಕಟ್ಟಿದ ದಿನ ಬೇಡ.

ಒಂದು ಗಿಡದ ಮುಂದೆ ನಿಲ್ಲಿ. ನಡು ಕಾಂಡದ ತುದಿ ಹಿಡಿಯಿರಿ. ಮೇಲಿಂದ ಎರಡು, ಎರಡೂವರೆ ಇಂಚು ಕೆಳಗೆ ಬೆರಳು ತನ್ನಿ. ಅಲ್ಲಿ ಕಾಂಡ ಇನ್ನೂ ಎಳೆಯದು, ಉಗುರು ಸುಲಭವಾಗಿ ಇಳಿಯುತ್ತದೆ. ಎಲೆ ಸೇರುವ ಗೆಣ್ಣಿನ ಸ್ವಲ್ಪ ಮೇಲೆ ಹೆಬ್ಬೆರಳಿನ ಉಗುರು ಊರಿ, ತೋರುಬೆರಳಿಗೆ ಒತ್ತಿ ಪಕ್ಕಕ್ಕೆ ಬಾಗಿಸಿ. 'ಟಕ್' ಅಂತ ಸಣ್ಣ ಸಪ್ಪಳ ಬರಬೇಕು. ಸಪ್ಪಳ ಬರದೆ ನಾರು ಎಳೆದುಕೊಂಡು ಬಂತು ಅಂದರೆ ನೀವು ಬಲಿತ ಕಡೆ ಹಿಡಿದಿದ್ದೀರಿ, ಅಥವಾ ಹೊತ್ತು ಮೀರಿದೆ. ಸ್ವಲ್ಪ ಮೇಲೆ ಹೋಗಿ.

ಗೆಣ್ಣಿಗೆ ತೀರ ಅಂಟಿಸಿ ಮುರಿಯಬೇಡಿ. ಅಲ್ಲಿ ಕೂತ ಮೊಗ್ಗೇ ಮುಂದಿನ ಟೊಂಗೆ. ಒಂದು ಕಾಳಿನಷ್ಟು ಕಾಂಡ ಅದರ ಮೇಲೆ ಉಳಿಯಲಿ.

ಪಕ್ಕದ ಟೊಂಗೆಗಳ ಕುಡಿಯನ್ನೂ ಮುರಿಯಬೇಕೇ ಅಂತ ಬಹಳ ಜನ ಕೇಳುತ್ತಾರೆ. ಮೊದಲ ಸುತ್ತಿನಲ್ಲಿ ಬೇಡ, ನಡು ಕಾಂಡದ್ದು ಸಾಕು. ಅದಾಗಿ 15, 20 ದಿನಕ್ಕೆ ಎರಡನೇ ಸುತ್ತು ಹೋಗುವುದಿದ್ದರೆ ಆಗ ಉದ್ದಕ್ಕೆ ಓಡಿದ ಟೊಂಗೆಗಳ ತುದಿ ಮುರಿಯಿರಿ. ಎರಡನೇ ಸುತ್ತು ಎಲ್ಲಾ ಹೊಲಕ್ಕೂ ಬೇಕಿಲ್ಲ. ಸೊಂಪಾಗಿ ಬೆಳೆದ, ಸಾಲು ಅಗಲ ಇರುವ, ಹಸಿ ಚೆನ್ನಾಗಿರುವ ಹೊಲಕ್ಕೆ ಮಾತ್ರ. ಮಡ್ಡಿ ಹೊಲಕ್ಕೆ, ಕಲ್ಲು ನೆಲಕ್ಕೆ ಒಂದು ಸುತ್ತೇ ಹೆಚ್ಚು.

ಎಲೆ ಕೀಳಬೇಡಿ. ಕೆಲವರು ಕುಡಿ ಮುರಿಯುವ ಹುರುಪಿನಲ್ಲಿ ಕೆಳಗಿನ ನಾಲ್ಕೈದು ಎಲೆಯನ್ನೂ ಸವರಿಬಿಡುತ್ತಾರೆ. ಗಿಡಕ್ಕೆ ಊಟ ಮಾಡಿ ಹಾಕುವುದೇ ಎಲೆ. ಕುಡುಗೋಲು ಬೀಸಿ ಸಾಲಿಗೆ ಸಾಲೇ ಹಾರಿಸುವವರನ್ನೂ ನೋಡಿದ್ದೇನೆ. ಒಂದು ಗಿಡ ಎರಡಿಂಚು, ಇನ್ನೊಂದು ಎಂಟಿಂಚು ಹೋಗುತ್ತದೆ, ಕಾಂಡ ಸೀಳುತ್ತದೆ. ಕೈಯಲ್ಲಿ ಆಗದಿದ್ದರೆ ಸಣ್ಣ ಕತ್ತರಿ ತಗೊಳ್ಳಿ. ಕುಡುಗೋಲು ಮನೆಯಲ್ಲೇ ಇರಲಿ.

ಸಾಲಿನಲ್ಲಿ ಹೋಗುವುದಕ್ಕೂ ಒಂದು ರೂಢಿ ಮಾಡಿಕೊಳ್ಳಿ. ಎರಡು ಸಾಲಿನ ನಡುವೆ ನಡೆದರೆ ಎಡಗೈಗೆ ಒಂದು ಸಾಲು, ಬಲಗೈಗೆ ಒಂದು ಸಾಲು. ದೊಡ್ಡವ್ವ ಎರಡೂ ಕೈ ಒಟ್ಟಿಗೆ ಆಡಿಸುತ್ತಾರೆ, ಕಣ್ಣು ಮುಂದಿನ ಗಿಡದ ಮೇಲಿರುತ್ತದೆ. ಮುರಿದ ಕುಡಿ ಸೀರೆಯ ಉಡಿಗೆ ಬೀಳುತ್ತದೆ, ಸಂಜೆಗೆ ಅವರ ಮನೆ ಆಡಿಗೆ ಹೋಗುತ್ತದೆ. ನನಗೆ ಎರಡೂ ಕೈ ಇವತ್ತಿಗೂ ಬಂದಿಲ್ಲ. ಅರ್ಧ ದಿನಕ್ಕೆ ಹೆಬ್ಬೆರಳ ಉಗುರು ಉರಿಯಲು ಶುರುವಾಗುತ್ತದೆ, ಸಂದಿಯಲ್ಲಿ ಕೂತ ಕಪ್ಪು ಕಲೆ ನಾಲ್ಕು ದಿನ ಹೋಗುವುದಿಲ್ಲ. ಬೆರಳಿಗೆ ಬಟ್ಟೆಯ ಚೂರು ಸುತ್ತಿಕೊಂಡರೆ ಪರವಾಗಿಲ್ಲ.

ಒಂದು ಎಚ್ಚರ: ಹಿಂದಿನ ವಾರ ಕೀಟನಾಶಕ ಹೊಡೆದಿದ್ದರೆ ಕುಡಿಯನ್ನು ದನ, ಆಡಿಗೆ ಹಾಕಬೇಡಿ. ಸಾಲಿನಲ್ಲೇ ಬಿಡಿ, ಕೊಳೆತು ಗೊಬ್ಬರವಾಗುತ್ತದೆ. ಹೊಡೆದಿದ್ದೀರೋ ಇಲ್ಲವೋ ಅನ್ನುವುದನ್ನು ಕೆಲಸಕ್ಕೆ ಬಂದವರಿಗೆ ಬೆಳಿಗ್ಗೆಯೇ ಹೇಳಿ. ಅವರಾಗಿ ಕೇಳುವುದಿಲ್ಲ.

ಬ್ಯಾಟರಿ ಯಂತ್ರ

ಹತ್ತು ಎಕರೆ ತೊಗರಿ ಇದ್ದವರಿಗೆ ಕೈಯಲ್ಲಿ ಚಿವುಟುವುದು ಆಗದ ಮಾತು. ಅದಕ್ಕೇ ಈ ಯಂತ್ರ. ನೋಡಲು ಬಹಳ ಸಾದಾ. ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇ ಪಂಪಿನ 12 ವೋಲ್ಟ್ ಬ್ಯಾಟರಿ. ಅದರಿಂದ ಒಂದು ವೈರು. ಒಂದು ಉದ್ದ ಕೋಲಿನ ಅಥವಾ ಪೈಪಿನ ತುದಿಗೆ ಪುಟ್ಟ ಮೋಟರು, ಅದಕ್ಕೆ ತಿರುಗುವ ಬ್ಲೇಡು. ಹಿಡಿಯ ಹತ್ತಿರ ಸ್ವಿಚ್ಚು. ಫ್ಯಾನ್ ರಿಪೇರಿ ಮಾಡುವವರೂ ಇದನ್ನು ಜೋಡಿಸಿಕೊಡುತ್ತಾರೆ. ತಯಾರಾದದ್ದು ಕೃಷಿ ಸಾಮಾನಿನ ಅಂಗಡಿಗಳಲ್ಲೂ ಸಿಗುತ್ತದೆ. ಬಾಡಿಗೆಗೆ ಬೇಕಿದ್ದರೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.

ತಗೊಳ್ಳುವಾಗ ಬ್ಲೇಡಿನ ಹಿಂದೆ, ನಮ್ಮ ಕಡೆಗೆ, ತಗಡಿನ ಮುಚ್ಚಳ ಇದೆಯೇ ನೋಡಿ. ಇಲ್ಲದಿದ್ದರೆ ಹಾಕಿಸಿಕೊಳ್ಳಿ. ಎಳೆ ಕಾಂಡದ ಚೂರು ಕಣ್ಣಿಗೆ ಹಾರುತ್ತದೆ, ಕನ್ನಡಕ ಬೇಕೇ ಬೇಕು. ತುಂಬು ತೋಳಿನ ಅಂಗಿ, ಕಾಲಿಗೆ ಬೂಟು. ಟವೆಲ್ ಕೊರಳಿಗೆ ಸುತ್ತಿ ಒಳಗೆ ಸಿಕ್ಕಿಸಿ, ತುದಿ ಜೋತಾಡಬಾರದು. ಬ್ಲೇಡಿಗೆ ಬಳ್ಳಿ ಸುತ್ತಿಕೊಂಡರೆ ಮೊದಲು ಸ್ವಿಚ್ಚು ಆರಿಸಿ, ವೈರು ಕಳಚಿ, ಆಮೇಲೆ ಕೈ ಹಾಕಿ. ಇಷ್ಟು ಹೇಳಿದರೂ ಹುಡುಗರು ಸ್ವಿಚ್ಚಿನ ಮೇಲೆ ಹೆಬ್ಬೆರಳಿಟ್ಟುಕೊಂಡೇ ಬಳ್ಳಿ ಬಿಡಿಸುತ್ತಾರೆ. ನೋಡಿದರೆ ಬೈಯಿರಿ.

ಪಂಪಿನ ಟ್ಯಾಂಕು ಖಾಲಿ ಮಾಡಿ ತೊಳೆದುಕೊಳ್ಳಿ. ಹಳೆ ಔಷಧ ಬೆನ್ನಿಗೆ ಸೋರುತ್ತಾ ಇಡೀ ದಿನ ತಿರುಗಿದವರಿದ್ದಾರೆ.

ಯಂತ್ರ ಓಡಿಸುವುದರಲ್ಲಿ ಕಷ್ಟವಿರುವುದು ಒಂದೇ ಕಡೆ: ಎತ್ತರ. ಕೈ ದಣಿದ ಹಾಗೆ ಬ್ಲೇಡು ಕೆಳಗೆ ಇಳಿಯುತ್ತಾ ಹೋಗುತ್ತದೆ. ಬೆಳಿಗ್ಗೆ ಎರಡಿಂಚು ಕತ್ತರಿಸಿದ್ದು ಮಧ್ಯಾಹ್ನಕ್ಕೆ ಆರಿಂಚು. ಅದಕ್ಕೆ ಹೊಲದ ಗಿಡದ ಎತ್ತರಕ್ಕೆ ಸರಿಯಾಗಿ ನಿಮ್ಮ ಸೊಂಟದ ಹತ್ತಿರ ಒಂದು ಗುರುತು ಇಟ್ಟುಕೊಳ್ಳಿ. ಹಿಡಿ ಅಲ್ಲಿಂದ ಇಳಿಯಬಾರದು. ಗಂಟೆಗೊಮ್ಮೆ ಆಳು ಬದಲಾಯಿಸಿ. ತಗ್ಗಿನಲ್ಲಿ ಕುಳ್ಳಗಿರುವ ಗಿಡ ಬ್ಲೇಡಿಗೆ ಸಿಗದಿದ್ದರೆ ಬಿಟ್ಟುಬಿಡಿ, ಅದಕ್ಕಾಗಿ ಬಗ್ಗಬೇಡಿ.

ಬ್ಲೇಡು ಮೊಂಡಾದರೆ ಕುಡಿ ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ಕುಡಿ ಸಿಪ್ಪೆಗೆ ಜೋತುಬಿದ್ದು ಒಣಗುತ್ತದೆ. ಸಾಲಿನ ಹಿಂದೆ ತಿರುಗಿ ನೋಡಿ. ಹಾಗೆ ಜೋತಾಡುವುದು ಹೆಚ್ಚು ಕಂಡರೆ ಬ್ಲೇಡು ತಿಕ್ಕುವ ಹೊತ್ತಾಯಿತು ಅಂತ ಅರ್ಥ.

ನನ್ನನ್ನು ಕೇಳಿದರೆ, ಎರಡು ಮೂರು ಎಕರೆ ಇದ್ದವರಿಗೆ ಯಂತ್ರ ಬೇಡ. ಕೈ ನೋಡುವುದನ್ನು ಯಂತ್ರ ನೋಡುವುದಿಲ್ಲ.

ಯಾವ ಗಿಡ ಮುಟ್ಟಬಾರದು

ಚಿವುಟುವಾಗ ಒಂದೊಂದು ಗಿಡದ ಮುಖ ನೋಡುವ ಅವಕಾಶ ಸಿಗುತ್ತದೆ. ವರ್ಷದಲ್ಲಿ ಬೇರೆ ಯಾವ ಕೆಲಸದಲ್ಲೂ ಹೀಗೆ ಪ್ರತಿ ಗಿಡದ ಹತ್ತಿರ ನಿಲ್ಲುವುದಿಲ್ಲ. ಅದನ್ನು ಸುಮ್ನೆ ಕಳೆದುಕೊಳ್ಳಬೇಡಿ.

ಕೆಲವು ಗಿಡ ಚಿವುಟದೇ ಪೊದೆಯ ಹಾಗೆ ಕಾಣುತ್ತವೆ. ಎಲೆ ಸಣ್ಣ, ಬಣ್ಣ ತಿಳಿ ಹಸಿರು, ಅದರ ಮೇಲೆ ಹಳದಿ ಮಚ್ಚೆ. ನೋಡಿ ಖುಷಿ ಪಡಬೇಡಿ. ಅದು ಗೊಡ್ಡು ರೋಗ, ಬಂಜೆ ರೋಗ ಅಂತಲೂ ಅನ್ನುತ್ತಾರೆ. ಅದಕ್ಕೆ ಹೂವೇ ಬರುವುದಿಲ್ಲ, ಬಂದರೂ ಎರಡು ಮೂರು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಈ ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುತ್ತದೆ. ಎಳೆ ಚಿಗುರು ಅಂದರೆ ಅದಕ್ಕೆ ಬಹಳ ಇಷ್ಟ. ನಾವು ಚಿವುಟಿದ ಮೇಲೆ ಹೊಲವೆಲ್ಲ ಚಿಗುರೇ! ಹಾಗಾಗಿ ಚಿವುಟುವ ಮೊದಲೇ ಹೊಲ ಒಂದು ಸುತ್ತು ತಿರುಗಿ ಗೊಡ್ಡು ಗಿಡ ಬೇರು ಸಹಿತ ಕಿತ್ತು ಚೀಲಕ್ಕೆ ತುಂಬಿ ಹೊರಗೆ ಒಯ್ದು ಸುಡಿ. ಬದುವಿನಲ್ಲಿ ಹೋದ ವರ್ಷದ ಹಳೆ ತೊಗರಿ ಗಿಡ ಚಿಗುರಿ ನಿಂತಿದ್ದರೆ ಅದನ್ನೂ ಕಿತ್ತುಬಿಡಿ. ನುಸಿ ಬೇಸಿಗೆ ಕಳೆಯುವುದು ಅಂಥ ಗಿಡದಲ್ಲೇ.

ಇನ್ನು ನೆಟೆ. 2022ರ ನೆಟೆ ರೋಗವನ್ನು ನಮ್ಮ ಜಿಲ್ಲೆಯವರು ಮರೆಯುವುದಿಲ್ಲ. ಕಾಯಿ ಹಿಡಿದ ತೊಗರಿ ನಿಂತಲ್ಲೇ ಒಣಗಿತು. ಆಗಸ್ಟ್‌ನಲ್ಲೇ ಅಲ್ಲೊಂದು ಇಲ್ಲೊಂದು ಗಿಡ ಬಾಡಿದ್ದರೆ ಒಂದನ್ನು ಕಿತ್ತು ಬುಡದ ಕಾಂಡ ಉದ್ದಕ್ಕೆ ಸೀಳಿ ನೋಡಿ. ಒಳಗೆ ಕಂದು, ಕಪ್ಪು ಗೆರೆ ಕಂಡರೆ ನೆಟೆ, ಅಂದರೆ ಸೊರಗು ರೋಗ, ಹಿಡಿದಿದೆ. ನೀರು ನಿಂತ ತಗ್ಗಿನಲ್ಲಿ ಬುಡದ ಹತ್ತಿರ ಕಂದು ಮಚ್ಚೆ ಬಂದು ಗಿಡ ಮುರಿದು ಬೀಳುತ್ತಿದ್ದರೆ ಅದು ಬೇರೆ ರೋಗ. ಯಾವುದಾದರೂ ಸರಿ, ಅಂಥ ತಾಕಿನಲ್ಲಿ ಚಿವುಟುವುದನ್ನು ಬಿಟ್ಟು ಮೊದಲು ನೀರು ಹೊರಗೆ ಹೋಗುವ ದಾರಿ ಮಾಡಿ. ರೋಗದ ಗಿಡ ಮುಟ್ಟಿದ ಕತ್ತರಿ, ಬ್ಲೇಡು ಒರೆಸದೆ ಒಳ್ಳೆ ಗಿಡಕ್ಕೆ ಹಚ್ಚಬೇಡಿ.

ಕುಡಿಯ ಎಲೆಗಳು ಬಲೆ ನೇಯ್ದು ಒಂದಕ್ಕೊಂದು ಅಂಟಿದ್ದರೆ ಒಳಗೆ ಸಣ್ಣ ಹುಳ ಕೂತಿರುತ್ತದೆ, ಎಲೆ ಸುತ್ತುವ ಹುಳ. ಅದು ಕುಡಿಯನ್ನು ಒಳಗಿಂದಲೇ ತಿನ್ನುತ್ತದೆ. ಇಂಥ ಕುಡಿ ಮಾತ್ರ ಸಾಲಿನಲ್ಲಿ ಬಿಸಾಡಬೇಡಿ. ಬೇರೆ ಚೀಲಕ್ಕೆ ಹಾಕಿ ಹೊರಗೆ ಒಯ್ಯಿರಿ. ಔಷಧ ಹೊಡೆಯುವ ಒಂದು ಖರ್ಚು ಉಳಿದರೂ ಉಳಿಯಿತು.

ಚಿವುಟಿದ ಮೇಲೆ

ಮೊದಲ ವಾರ ಹೊಲ ಬೋಳಾಗಿ ಕಾಣುತ್ತದೆ. ದಾರಿಯಲ್ಲಿ ಹೋಗುವವರು ಏನಾದರೂ ಅನ್ನುತ್ತಾರೆ. ಅನ್ನಲಿ. ಹತ್ತನೇ ದಿನ ಒಂದು ಗಿಡ ಹಿಡಿದು ನೋಡಿ. ಗಾಯದ ಕೆಳಗಿನ ಮೂರು ನಾಲ್ಕು ಕಂಕುಳಿಂದ ಚಿಗುರು ಬಂದಿರಬೇಕು.

ಈ ಹೊತ್ತಿನಲ್ಲಿ ಒಮ್ಮೆ ಎಡೆ ಹೊಡೆಯಿರಿ. ಕಸವೂ ಹೋಗುತ್ತದೆ, ಎರೆ ಬಿರಿಯುವುದೂ ನಿಲ್ಲುತ್ತದೆ. ಟೊಂಗೆ ಅಗಲವಾದ ಮೇಲೆ ಎತ್ತು ಸಾಲಿನಲ್ಲಿ ಹೋಗುವುದಿಲ್ಲ, ಇದೇ ಕೊನೆಯ ಅವಕಾಶ. ಬುಡಕ್ಕೆ ಸ್ವಲ್ಪ ಮಣ್ಣು ಏರಿದರೆ ಭಾರಕ್ಕೆ ಗಿಡ ವಾಲುವುದಿಲ್ಲ.

ಚಿಗುರು ಬೇಗ ಬರಲಿ ಅಂತ ಯೂರಿಯಾ ಚೆಲ್ಲಬೇಡಿ. ತೊಗರಿ ಬೇರಿನ ಗಂಟುಗಳೇ ಗಾಳಿಯ ಸಾರಜನಕ ಹಿಡಿದು ಕೊಡುತ್ತವೆ. ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ ಗೊಬ್ಬರ ಹಾಕಿದ್ದರೆ ಸಾಕು. ಯೂರಿಯಾ ಹಾಕಿದರೆ ಗಿಡ ಮತ್ತೆ ಎಲೆಗೇ ಹೋಗುತ್ತದೆ, ಹೂ ಮರೆತುಬಿಡುತ್ತದೆ. ಹೂ ಅರ್ಧದಷ್ಟು ಬಂದಾಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಎನ್ನುವ ಪೋಷಕಾಂಶದ ಪುಡಿಯನ್ನು ಲೀಟರ್ ನೀರಿಗೆ 10 ಗ್ರಾಂ ಲೆಕ್ಕದಲ್ಲಿ ಹೊಡೆಯಿರಿ. 15 ದಿನ ಬಿಟ್ಟು ಇನ್ನೊಮ್ಮೆ. ಚಿವುಟಿದ ಗಿಡದಲ್ಲಿ ಹೂ ಜಾಸ್ತಿ, ಉದುರುವುದೂ ಜಾಸ್ತಿ. ಅದನ್ನು ಹಿಡಿದು ನಿಲ್ಲಿಸಲು ಇದು.

ನಾಟಿ ತೊಗರಿಯ ಲೆಕ್ಕ ಹೇಳುತ್ತೇನೆ ಅಂದಿದ್ದೆ. ಸಸಿಗೆ ಚೀಲದಲ್ಲೇ ತಿಂಗಳಾಗಿರುತ್ತದೆ. ಹಚ್ಚಿದ ಮೇಲೆ ಒಂದು ವಾರ ಹತ್ತು ದಿನ ಅದು ಬೇರು ಊರುವುದರಲ್ಲೇ ಕಳೆಯುತ್ತದೆ. ಹಾಗಾಗಿ ದಿನ ಬಿಡಿ, ಹೊಸ ಎಲೆ ನೋಡಿ. ಹೊಲದಲ್ಲಿ ಆರೇಳು ಹೊಸ ಎಲೆ ಬಿಟ್ಟು ಗಿಡ ನಡುಮಟ್ಟಕ್ಕೆ ಬರುವ ಮುಂಚೆ ಮೊದಲ ಕುಡಿ ಮುರಿಯಿರಿ. ಸಾಲು ಅಗಲ ಇರುವುದರಿಂದ ಎರಡನೇ ಸುತ್ತನ್ನು ಇಲ್ಲಿ ತಪ್ಪಿಸಬಾರದು.

ಮೊದಲ ಸಲ ಮಾಡುವವರು ಇಡೀ ಹೊಲ ಚಿವುಟಬೇಡಿ. ನಡುವೆ ನಾಲ್ಕು ಸಾಲು ಹಾಗೇ ಬಿಡಿ, ಎರಡೂ ತುದಿಗೆ ಒಂದೊಂದು ಕೋಲು ನೆಟ್ಟು ಬಟ್ಟೆ ಕಟ್ಟಿ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಬರುತ್ತಾರಲ್ಲ, ಆ ದಿನ ಊಟವಾದ ಮೇಲೆ ಚಿವುಟಿದ ಐದು ಗಿಡ, ಚಿವುಟದ ಐದು ಗಿಡದ ಕಾಯಿ ಮಕ್ಕಳ ಕೈಯಲ್ಲಿ ಎಣಿಸಿ. ಬೇಗ ಬರುವ ತಳಿಯಾದರೆ ಅಷ್ಟೊತ್ತಿಗೆ ಕೊಯ್ಲೇ ಆಗಿರುತ್ತದೆ, ಅದಕ್ಕಿಂತ ಮುಂಚೆ ಎಣಿಸಿಕೊಳ್ಳಿ. ನಿಮ್ಮ ಹೊಲ, ನಿಮ್ಮ ತಳಿ, ನಿಮ್ಮ ಮಳೆಯ ಲೆಕ್ಕ ಅದರಲ್ಲೇ ಸಿಗುತ್ತದೆ. ಬೇರೆಯವರ ಕ್ವಿಂಟಲ್ ಲೆಕ್ಕ ಕೇಳಿ ಉಪಯೋಗವಿಲ್ಲ.

ಕಡಲೆಗೂ ಇದೇ, ಆದರೆ ಬೇಗ

ಹಿಂಗಾರಿಯಲ್ಲಿ ಕಡಲೆ ಹಾಕುವವರಿಗೆ ಈ ಕೆಲಸ ಹೊಸದಲ್ಲ. ಬಿತ್ತಿ 30, 35 ದಿನಕ್ಕೆ, ಹೂ ಕಾಣುವ ಮೊದಲು ತುದಿ ಚಿವುಟುತ್ತಾರೆ. ಯಾವ ವಿಜ್ಞಾನಿಯೂ ಇದನ್ನು ಹೇಳಿಕೊಡಲಿಲ್ಲ. ಪಲ್ಯದ ಆಸೆಗೆ ಶುರುವಾದದ್ದು ಇದು. ಕಡಲೆ ಎಲೆಯ ಮೇಲೆ ಸಣ್ಣ ರೋಮಗಳಿಂದ ಹುಳಿ ಒಸರುತ್ತದೆ. ಚಿವುಟುವಾಗ ಬೆರಳು ನೆಕ್ಕಿದರೆ ಉಪ್ಪು ಹುಳಿ ಎರಡೂ ಗೊತ್ತಾಗುತ್ತದೆ. ಕುಡಿಯನ್ನು ತೊಳೆದು, ಹೆಚ್ಚಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಸ್ವಲ್ಪ ತೊಗರಿಬೇಳೆ ಸೇರಿಸಿ ಮಾಡಿದ ಪಲ್ಯಕ್ಕೆ ಬಿಸಿ ಜೋಳದ ರೊಟ್ಟಿ ಇರಬೇಕು. ಉಳಿದ ಕುಡಿ ನೆರಳಲ್ಲಿ ಒಣಗಿಸಿ ಇಟ್ಟರೆ ಬೇಸಿಗೆಗೂ ಆಗುತ್ತದೆ.

ಕಡಲೆಯಲ್ಲಿ ಒಂದಿಂಚಿಗಿಂತ ಹೆಚ್ಚು ಮುರಿಯಬೇಡಿ, ಒಂದೇ ಸುತ್ತು ಸಾಕು. ಹಸಿ ಕಡಿಮೆ ಇರುವ ವರ್ಷ ಚಿವುಟಬೇಡಿ. ಹೊಲಕ್ಕೆ ಔಷಧ ಹೊಡೆದಿದ್ದರೆ ಪಲ್ಯದ ಆಸೆ ಬಿಡಿ. ನಮ್ಮ ದೊಡ್ಡವ್ವ ಈಗ ಬದುವಿನ ಮೇಲೆ ನಿಂತೇ ಕೇಳುತ್ತಾರೆ: "ತಮ್ಮಾ, ಎಣ್ಣಿ ಹೊಡ್ದಿ ಏನ್? ಇಲ್ಲಂದ್ರ ಒಂದ್ ಉಡಿ ಕಡ್ಲಿ ಪಲ್ಯ ಒಯ್ತೀನಿ." ಇಲ್ಲ ಅಂದರೆ ಮಾತ್ರ ಒಳಗೆ ಕಾಲಿಡುತ್ತಾರೆ.